ರೆಕ್ಕೆಗೆ ಕಟ್ಟಿದ ಫಿರಂಗಿ: ಇಂಗ್ಲೆಂಡಿನಲ್ಲಿ ಐದು ದಿನ

ಮೊದಲ ದಿನ: ಹೆಂಡನ್

ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್ ಹೊಡೆಯಲೆಂದು ವಿಮಾನಗಳಿಗೆ ದೊಡ್ಡ ಫಿರಂಗಿ ಕಟ್ಟಿದ ಕತೆಯನ್ನು ಹುಡುಕಿಕೊಂಡು ಹೋಗುವ ಪ್ರವಾಸ ಇದು. ಲಂಡನ್ನಿನ ನಾರ್ದರ್ನ್ ಲೈನ್ ರೈಲಿನಲ್ಲಿ ಕಾಲಿಂಡೇಲ್‌ಗೆ ಬಂದಿಳಿದು ಹತ್ತು ನಿಮಿಷ ನಡೆದರೆ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂ. ಪ್ರವೇಶಕ್ಕೆ ದುಡ್ಡಿಲ್ಲ. ಇಲ್ಲಿನ ವಿಮಾನಗಳನ್ನು ಒಂದು ಹ್ಯಾಂಗರಿನಿಂದ ಇನ್ನೊಂದಕ್ಕೆ, ಕೆಲವೊಮ್ಮೆ ಇದೇ ಸಂಸ್ಥೆಯ ಕಾಸ್ಫರ್ಡ್ ಶಾಖೆಗೂ ಸಾಗಿಸುತ್ತಿರುತ್ತಾರೆ. ಬೇಕಾದ ವಿಮಾನ ಎಲ್ಲಿದೆಯೆಂದು ಹೊರಡುವ ಮುನ್ನ ಅವರ ಜಾಲತಾಣದಲ್ಲಿ ನೋಡಿಕೊಳ್ಳಿ. ಈ ದಿನ ನೋಡಬೇಕಾದದ್ದು ಒಂದೇ ವಿಮಾನ: ಯುಂಕರ್ಸ್ 87 ಜಿ-2, ಸಂಖ್ಯೆ 494083. 'ಸ್ಟೂಕಾ' ಎಂದು ಹೆಸರಾದ, ಧುಮುಕಿ ಬಾಂಬ್ ಹಾಕುವ ಜರ್ಮನ್ ವಿಮಾನ. ಜಗತ್ತಿನಲ್ಲಿ ಇಡಿಯಾಗಿ ಉಳಿದಿರುವ ಸ್ಟೂಕಾಗಳು ಎರಡೇ. ಇನ್ನೊಂದು ಷಿಕಾಗೊದಲ್ಲಿದೆ.

ಜಿ ಮಾದರಿ ಎಂದರೆ ಟ್ಯಾಂಕ್ ಹೊಡೆಯಲು ಎರಡು 37 ಮಿಮೀ ಫಿರಂಗಿ ಹೊತ್ತ ಸ್ಟೂಕಾ. ಹೆಂಡನ್ನಿನ ವಿಮಾನದಲ್ಲಿ ಆ ಫಿರಂಗಿಗಳನ್ನು ಕಟ್ಟಿಲ್ಲ. ಬರಿಯ ರೆಕ್ಕೆ ನೋಡಿ ಬೇಸರಪಡಬೇಕಿಲ್ಲ. ಫಿರಂಗಿ ಇದ್ದಿದ್ದರೆ ಕಣ್ಣು ಅದರ ಉದ್ದ ನಳಿಗೆಯ ಮೇಲೇ ನಿಲ್ಲುತ್ತಿತ್ತು. ಇಲ್ಲದ್ದರಿಂದ ಅದು ಎಲ್ಲಿ ಕೂರುತ್ತಿತ್ತು ಎಂಬುದನ್ನು ಬಿಡುವಾಗಿ ನೋಡಬಹುದು, ಈ ವಿಷಯದಲ್ಲಿ ಮುಖ್ಯವಾದದ್ದೂ ಅದೇ. ಚಕ್ರದ ಕಾಲುಗಳ ಹೊರಗಡೆ, ರೆಕ್ಕೆಯ ಅಡಿಗೆ, ಎಡಕ್ಕೊಂದು ಬಲಕ್ಕೊಂದು. ವಿಮಾನದ ನಡುಗೆರೆಯಿಂದ ದೂರ, ಗುರುತ್ವಕೇಂದ್ರಕ್ಕಿಂತ ಕೆಳಗೆ. ಹೊಟ್ಟೆಯಡಿಯಲ್ಲಿ ಜಾಗವಿತ್ತಲ್ಲ ಎನ್ನಬಹುದು. ಆದರೆ ಮುಂದೆ ತಿರುಗುವ ಪ್ರೊಪೆಲರ್ ಇದೆ. ನಿಧಾನವಾಗಿ ಹೊಡೆಯುವ ದೊಡ್ಡ ಫಿರಂಗಿಯನ್ನು ಅಲಗುಗಳ ಸಂದಿಯಿಂದ ಹಾರಿಸುವಂತಿಲ್ಲ. ಸ್ಟೂಕಾಕ್ಕೆ ರೆಕ್ಕೆಯೇ ಗತಿ.

ಬಿಕೆ 3,7 ಎಂಬ ಈ ಫಿರಂಗಿ ಹೊಸದಾಗಿ ಹುಟ್ಟಿದ್ದಲ್ಲ. ನೆಲದ ಮೇಲಿಂದ ವಿಮಾನ ಹೊಡೆಯಲೆಂದು ಮಾಡಿದ ಫ್ಲಾಕ್ 18 ತೋಪನ್ನೇ ತಂದು ವಿಮಾನಕ್ಕೆ ಕಟ್ಟಿದ್ದು. ಗುಂಡುಗಳು ಆರಾರರ ಕ್ಲಿಪ್‌ನಲ್ಲಿ ಪಕ್ಕದಿಂದ ಒಳಹೋಗುತ್ತಿದ್ದವು. ಒಂದು ಫಿರಂಗಿಗೆ ಎರಡು ಕ್ಲಿಪ್, ಅಂದರೆ 12 ಗುಂಡು. ನಿಮಿಷಕ್ಕೆ ಸುಮಾರು 160ರ ವೇಗದಲ್ಲಿ ಕುದುರೆ ಒತ್ತಿ ಹಿಡಿದರೆ ನಾಲ್ಕೂವರೆ ಸೆಕೆಂಡಿನಲ್ಲಿ ಬುಟ್ಟಿ ಖಾಲಿ. ಹಾಗಾಗಿ ಯಾರೂ ಒತ್ತಿ ಹಿಡಿಯುತ್ತಿರಲಿಲ್ಲ. ಒಂದು ಸಲಕ್ಕೆ ಒಂದು ಜೋಡಿ, ಹೆಚ್ಚೆಂದರೆ ಎರಡು. ಪ್ರತಿ ಗುಂಡಿನ ಒಳಗೆ ಟಂಗ್‌ಸ್ಟನ್ ಕಾರ್ಬೈಡಿನ ಕಿರಿದಾದ ತಿರುಳು, ಹೊರಗೆ ಹಗುರ ಲೋಹದ ಹೊದಿಕೆ, ಒಟ್ಟು ತೂಕ ಸುಮಾರು 400 ಗ್ರಾಂ. ನಳಿಗೆ ಬಿಡುವಾಗ ವೇಗ ಸೆಕೆಂಡಿಗೆ 1,100 ಮೀಟರಿಗೂ ಹೆಚ್ಚು. ಹತ್ತಿರದಿಂದ, ನೇರ ಬಿದ್ದರೆ 100 ಮಿಮೀ ಮೀರಿದ ಉಕ್ಕನ್ನೂ ತೂರುತ್ತಿತ್ತು. ಓರೆಯಾಗಿ ಬಿದ್ದರೆ ಲೆಕ್ಕವೇ ಬೇರೆ. ಅದು ನಾಲ್ಕನೇ ದಿನದ ಮಾತು.

ಇಷ್ಟಕ್ಕಾಗಿ ಸ್ಟೂಕಾ ಕೊಟ್ಟ ಬೆಲೆಯನ್ನು ಆ ರೆಕ್ಕೆಯಡಿ ನಿಂತೇ ಲೆಕ್ಕ ಹಾಕಬಹುದು. ಮದ್ದುಗುಂಡು, ಹೊದಿಕೆ ಸೇರಿ ಒಂದೊಂದು ಫಿರಂಗಿ ಸುಮಾರು 300 ಕೆಜಿ, ಎರಡೂ ಗಾಳಿಗೆ ಎದೆಯೊಡ್ಡಿ ನಿಂತಿರುತ್ತಿದ್ದವು. ಮೊದಲೇ ನಿಧಾನವಾಗಿದ್ದ ವಿಮಾನ ಇನ್ನೂ ಎಳೆದಾಡುವಂತಾಯಿತು. ಜಿ-1 ಮಾಡಿದ್ದು ಗಿಡ್ಡ ರೆಕ್ಕೆಯ ಡಿ-3ರಿಂದ. ಹೆಂಡನ್ನಿನಲ್ಲಿರುವಂಥ ಜಿ-2 ಮಾಡಿದ್ದು 15 ಮೀಟರ್ ರೆಕ್ಕೆಯ ಡಿ-5ರಿಂದ. ಆ ಹೆಚ್ಚಿನ ಉದ್ದ ಬೇಕಾದದ್ದೇ ತೂಕ ಹೊರಲು. ಡಿ-5ರ ರೆಕ್ಕೆಯೊಳಗಿದ್ದ 20 ಮಿಮೀ ಫಿರಂಗಿಗಳನ್ನೂ ಧುಮುಕುವಾಗ ವೇಗ ತಡೆಯುವ ಬ್ರೇಕುಗಳನ್ನೂ ತೆಗೆದುಹಾಕಿದರು. ಎಂಬತ್ತು ತೊಂಬತ್ತು ಡಿಗ್ರಿಗೆ ನೇರ ಧುಮುಕಲೆಂದೇ ಹುಟ್ಟಿದ ವಿಮಾನ ಇನ್ನು ಮೇಲೆ ಧುಮುಕುವುದೇ ಇಲ್ಲ ಎಂಬುದು ಅದರ ಅರ್ಥ. ಎರಡು ಫಿರಂಗಿಗಳ ಗುಂಡಿನ ದಾರಿ ಸುಮಾರು 400 ಮೀಟರಿನಲ್ಲಿ ಕೂಡುವಂತೆ ಹೊಂದಿಸುತ್ತಿದ್ದರು. ಅದಕ್ಕಿಂತ ತೀರ ಹತ್ತಿರದಲ್ಲಿ ಎರಡೂ ಟ್ಯಾಂಕಿನ ಆಚೀಚೆ ಹೋಗುವ ಸಂಭವ, ತೀರ ದೂರದಲ್ಲೂ ಅಷ್ಟೇ.

ಈ ಮಾದರಿಯ ಮಾತು ಬಂದಾಗಲೆಲ್ಲ ಜರ್ಮನ್ ಪೈಲಟ್ ಹಾನ್ಸ್ ಉಲ್ರಿಕ್ ರೂಡೆಲ್ ಹೆಸರು, ಅವನ ಲೆಕ್ಕದ 519 ಟ್ಯಾಂಕುಗಳು ಬರುತ್ತವೆ. ಕೊನೆಯುಸಿರಿನವರೆಗೂ ನಾತ್ಸಿಯಾಗಿಯೇ ಉಳಿದವನು ಅವನು. ಸಂಖ್ಯೆಯನ್ನು ಪೈಲಟ್ ಹೇಳಿದ ಲೆಕ್ಕ ಎಂದೇ ಓದಬೇಕು. ಗಾಳಿಯಿಂದ ಹೊಡೆದವರು ಎಣಿಸಿದ ಟ್ಯಾಂಕಿಗೂ ಆಮೇಲೆ ನೆಲದ ಮೇಲೆ ಎಣಿಸಿದಾಗ ಸಿಕ್ಕಿದ ಟ್ಯಾಂಕಿಗೂ ಎಲ್ಲ ಸೇನೆಗಳಲ್ಲೂ ಅಜಗಜಾಂತರವಿತ್ತು.

ಮ್ಯೂಸಿಯಂನ ಸಂಗ್ರಹದಲ್ಲಿ ಕನ್ನಡಿಗರಿಗೆ ಹತ್ತಿರದ ವಿಮಾನವೊಂದಿದೆ, ಲಿಬರೇಟರ್ ಕೆಎನ್751 ಎಂಬ ಬಾಂಬರ್. ಭಾರತೀಯ ವಾಯುಪಡೆ ಕಾಣಿಕೆಯಾಗಿ ಕೊಟ್ಟದ್ದು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರುಗಳನ್ನು ಹಾರಿಸಿಕೊಂಡು ತಂದು ಮತ್ತೆ ಕೆಲಸಕ್ಕೆ ಸಿದ್ಧ ಮಾಡಿದ್ದು ಬೆಂಗಳೂರಿನ ಎಚ್‌ಎಎಲ್. ನಮ್ಮ ವಿಷಯಕ್ಕೆ ಸೇರಿದ್ದಲ್ಲ, ಆದರೆ ನೋಡದೆ ಬರಬಾರದು.

ಎರಡನೇ ದಿನ: ಲಂಡನ್ ಕಾಲ್ನಿ

ಸೇಂಟ್ ಪ್ಯಾಂಕ್ರಸ್‌ನಿಂದ ಸೇಂಟ್ ಆಲ್ಬನ್ಸ್‌ಗೆ ರೈಲು, ಅಲ್ಲಿಂದ ಟ್ಯಾಕ್ಸಿ. ಕಾರಿದ್ದರೆ ಎಂ25ರ 22ನೇ ಜಂಕ್ಷನ್ ಪಕ್ಕದಲ್ಲೇ. ಸಾಲಿಸ್‌ಬರಿ ಹಾಲ್ ಎಂಬ ಹಳೆಯ ಮನೆ, ಅದರ ಮಗ್ಗುಲಿಗೆ ಡಿ ಹ್ಯಾವಿಲಂಡ್ ಮ್ಯೂಸಿಯಂ. ವರ್ಷದ ಎಲ್ಲ ದಿನವೂ ತೆರೆದಿರುವುದಿಲ್ಲ. ಮರದ ಮೈಯ, ಎರಡು ಎಂಜಿನ್ನಿನ ಮಾಸ್ಕಿಟೊ ವಿಮಾನವನ್ನು ಗುಟ್ಟಾಗಿ ವಿನ್ಯಾಸ ಮಾಡಿದ ಜಾಗವೇ ಇದು. 1940ರ ನವೆಂಬರ್ 25ರಂದು ಮೊದಲು ಹಾರಿದ ಡಬ್ಲ್ಯು4050 ಇಲ್ಲೇ ಇದೆ.

ನೋಡಲು ಬಂದದ್ದು ಮಾಸ್ಕಿಟೊ ಎಫ್‌ಬಿ 18, ಅಡ್ಡಹೆಸರು 'ಟ್ಸೆಟ್ಸೆ'. ಹೊಟ್ಟೆಯಲ್ಲಿ 57 ಮಿಮೀ ಫಿರಂಗಿ ಹೊತ್ತ ಮಾದರಿ. ಅದರ ಒಂದು ವಿಮಾನವೂ ಈಗ ಉಳಿದಿಲ್ಲ, ಮಾಡಿದ್ದೇ ಇಪ್ಪತ್ತರ ಆಸುಪಾಸು. ಆದರೆ ಅದನ್ನು ಕಟ್ಟಿದ್ದು ಎಫ್‌ಬಿ 6ರ ಮೈಮೇಲೆ, ಮತ್ತು ಎಫ್‌ಬಿ 6 ಆದ ಟಿಎ122 ಇಲ್ಲಿದೆ. ಅದರ ಮೂತಿಯ ಕೆಳಗೆ ಬಗ್ಗಿ ನೋಡಿ. ನಾಲ್ಕು 20 ಮಿಮೀ ಹಿಸ್ಪಾನೊ ಫಿರಂಗಿಗಳಿಗೆ ನಾಲ್ಕು ತೂತು, ಮೇಲೆ ಮೂತಿಯ ತುದಿಯಲ್ಲಿ ನಾಲ್ಕು .303 ಬ್ರೌನಿಂಗ್ ಮೆಷಿನ್‌ಗನ್‌ಗಳಿಗೆ ಇನ್ನು ನಾಲ್ಕು. ಟ್ಸೆಟ್ಸೆಯಲ್ಲಿ ಕೆಳಗಿನ ನಾಲ್ಕನ್ನೂ ಕಿತ್ತು, ಆ ಜಾಗ ಮತ್ತು ಹಿಂದಿನ ಬಾಂಬ್ ಕೋಣೆ ಎರಡನ್ನೂ ಒಂದೇ ಫಿರಂಗಿಗೆ ಕೊಟ್ಟರು. ನಳಿಗೆಯ ಬಾಯಿ ಮೂತಿಯಡಿಯಿಂದ ಹೊರಗೆ ಚಾಚಿಕೊಂಡಿರುತ್ತಿತ್ತು. ಬ್ರೌನಿಂಗ್‌ಗಳನ್ನು ಉಳಿಸಿಕೊಂಡದ್ದು ಎದುರಿನ ವಿಮಾನವಿರೋಧಿ ತೋಪಿನವರ ತಲೆ ತಗ್ಗಿಸಲು ಮತ್ತು ಗುರಿ ನೋಡಿಕೊಳ್ಳಲು.

ಎರಡು ಎಂಜಿನ್ನಿನ ವಿಮಾನದ ದೊಡ್ಡ ಲಾಭ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಪ್ರೊಪೆಲರುಗಳು ಆಚೀಚೆ ಇವೆ, ನಡುಗೆರೆ ಖಾಲಿ. ಫಿರಂಗಿ ನಡುವಿನಲ್ಲೇ ಕೂತರೆ ಒದೆತ ವಿಮಾನವನ್ನು ಪಕ್ಕಕ್ಕೆ ತಿರುಗಿಸುವುದಿಲ್ಲ. ಎರಡು ಫಿರಂಗಿಯ ದಾರಿ ಕೂಡಿಸುವ ತಲೆನೋವೂ ಇಲ್ಲ. ಹತ್ತಿರವಿರಲಿ ದೂರವಿರಲಿ, ಗುಂಡು ಹೋಗುವುದು ಮೂತಿ ನೋಡಿದ ಕಡೆಗೇ.

ಒದೆತದ ಲೆಕ್ಕವನ್ನು ಇಲ್ಲೇ ಒಮ್ಮೆ ಮಾಡಿಬಿಡೋಣ. ಮಲೆನಾಡಿನಲ್ಲಿ ತೋಟ ಕಾಯುವ ಕೋವಿ ಹಿಡಿದವರಿಗೆ ಹೆಗಲಿಗೆ ಬೀಳುವ ಒದೆತ ಗೊತ್ತು. ಇಲ್ಲೂ ಅದೇ ನಿಯಮ. 2.8 ಕೆಜಿ ಗುಂಡು ಸೆಕೆಂಡಿಗೆ 850 ಮೀಟರ್ ವೇಗದಲ್ಲಿ ಹೊರಟರೆ ಗುಣಲಬ್ಧ ಸುಮಾರು 2,400. ಅದರ ಹಿಂದೆ ಹೊರಡುವ ಹೊಗೆಯ ಪಾಲನ್ನೂ ಸೇರಿಸಿದರೆ 3,000ದ ಹತ್ತಿರ. ಒಂಬತ್ತು ಟನ್ ತೂಗುವ ವಿಮಾನಕ್ಕೆ ಹಂಚಿದರೆ ಪ್ರತಿ ಗುಂಡಿಗೆ ಸೆಕೆಂಡಿಗೆ ಮೂರನೇ ಒಂದು ಮೀಟರ್ ವೇಗ ಕಡಿಮೆಯಾಗುತ್ತದೆ, ಅಂದರೆ ಗಂಟೆಗೆ ಒಂದು ಕಿಮೀ ಚಿಲ್ಲರೆ. 'ಫಿರಂಗಿ ಹಾರಿಸಿದರೆ ವಿಮಾನ ಗಾಳಿಯಲ್ಲೇ ನಿಂತುಬಿಡುತ್ತಿತ್ತು' ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಲೆಕ್ಕ ಅದನ್ನು ಒಪ್ಪುವುದಿಲ್ಲ.

ಕಷ್ಟವಿರುವುದು ಒದೆತದ ಮೊತ್ತದಲ್ಲಲ್ಲ. ಅದು ಎಷ್ಟು ಹೊತ್ತಿನಲ್ಲಿ ಬಂದು ಬೀಳುತ್ತದೆ, ಎಲ್ಲಿ ಬಂದು ಬೀಳುತ್ತದೆ ಎಂಬುದರಲ್ಲಿ. ಅದೇ 3,000ವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ತಡೆದರೆ ಮೂರು ಟನ್ ತೂಕ ಒರಗಿದಷ್ಟು ಬಲ. ನೂರನೇ ಒಂದು ಭಾಗದಲ್ಲಿ ತಡೆದರೆ ಮೂವತ್ತು ಟನ್, ಮರದ ಮೈ ಪುಡಿ. ಆದ್ದರಿಂದ ನಳಿಗೆ ಉದ್ದಕ್ಕೆ ಹಿಂದೆ ಜಾರಬೇಕು, ಎಣ್ಣೆಯ ಸಿಲಿಂಡರ್ ಅದನ್ನು ನಿಧಾನಿಸಬೇಕು, ಸ್ಪ್ರಿಂಗ್ ಮತ್ತೆ ಮುಂದೆ ತಳ್ಳಬೇಕು. ಬರ್ಚ್ ಪ್ಲೈವುಡ್ಡಿನ ನಡುವೆ ಬಾಲ್ಸಾ ಇಟ್ಟು ಅಂಟಿಸಿದ ಮೈ ಇದನ್ನು ತಾಳೀತೇ ಎಂಬ ಅನುಮಾನ ಕಂಪನಿಯವರಿಗೂ ಇತ್ತು. ಅಪಘಾತದಲ್ಲಿ ಹಾಳಾದ ಮಾಸ್ಕಿಟೊವೊಂದರ ಮೈಗೆ ಫಿರಂಗಿ ಕಟ್ಟಿ, ನೆಲದ ಮೇಲೇ ಹಾರಿಸಿ ನೋಡಿದರು. ಮರ ತಾಳಿತು. 1943ರ ಜೂನ್ 8ರಂದು ಮೊದಲ ಟ್ಸೆಟ್ಸೆ, ಎಚ್‌ಜೆ732, ಹಾರಿತು.

ಗುಂಡು ತುಂಬುವ ಯಂತ್ರ ಮಾಡಿದ್ದು ಮೋಲಿನ್ಸ್ ಎಂಬ ಕಂಪನಿ. ಅವರ ಕಸುಬು ಸಿಗರೇಟು ಸುತ್ತುವ, ಪೊಟ್ಟಣ ಕಟ್ಟುವ ಯಂತ್ರಗಳದ್ದು. ಒಂದೇ ಅಳತೆಯ ವಸ್ತುಗಳನ್ನು ಸಾಲಾಗಿ, ಎಡವದೆ, ಒಂದೊಂದಾಗಿ ದೂಡುವ ಕಲೆ ಅವರಿಗೆ ಕರಗತ. ಕೈಯಲ್ಲಿ ತುಂಬುತ್ತಿದ್ದ, ಆರು ಪೌಂಡರ್ ಎಂಬ ಆ 57 ಮಿಮೀ ತೋಪಿಗೆ ಅದನ್ನೇ ಹೊಂದಿಸಿ ಸೆಕೆಂಡಿಗೆ ಸುಮಾರು ಒಂದು ಗುಂಡು ಹೊಡೆಯುವಂತೆ ಮಾಡಿದರು. 24 ಗುಂಡು ಹಿಡಿಸುತ್ತಿತ್ತು. ಫಿರಂಗಿ, ಯಂತ್ರ ಎಲ್ಲ ಸೇರಿ 800 ಕೆಜಿ ದಾಟುತ್ತಿತ್ತು, ಮೇಲೆ ರಕ್ಷಣೆಯ ಉಕ್ಕಿನ ಫಲಕ ಇನ್ನೊಂದು 400 ಕೆಜಿ.

ಮೂರನೇ ದಿನ: ಬರ್ಮಿಂಗ್‌ಹ್ಯಾಮ್

ಯೂಸ್ಟನ್‌ನಿಂದ ಒಂದೂವರೆ ಗಂಟೆಯೊಳಗೆ ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟ್, ಅಲ್ಲಿಂದ ಕಾಲ್ನಡಿಗೆಯಲ್ಲೇ ಕರ್ಜನ್ ಸ್ಟ್ರೀಟಿನ ಥಿಂಕ್‌ಟ್ಯಾಂಕ್ ವಿಜ್ಞಾನ ಮ್ಯೂಸಿಯಂ. ಇಲ್ಲಿಗೆ ಟಿಕೆಟ್ ಇದೆ. ಮಕ್ಕಳ ಗಲಾಟೆಯ ನಡುವೆ, ಸ್ಪಿಟ್‌ಫೈರ್ ಒಂದರ ಜೊತೆಗೆ, ತಲೆಯ ಮೇಲೆ ತೂಗುಹಾಕಿರುವುದು ಬ್ರಿಟಿಷ್ ಯುದ್ಧವಿಮಾನ ಹರಿಕೇನ್ 4, ಕೆಎಕ್ಸ್829. ವಿಮಾನವನ್ನು ಕೆಳಗಿನಿಂದ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ಹರಿಕೇನ್ 4ರ ಕತೆಯೆಲ್ಲ ಇರುವುದು ರೆಕ್ಕೆಯ ಅಡಿಯಲ್ಲೇ.

ಅದಕ್ಕೂ ಮುಂಚಿನದು ಹರಿಕೇನ್ 2ಡಿ. 40 ಮಿಮೀ ಫಿರಂಗಿಗಾಗಿ ವಿಕರ್ಸ್ ಮತ್ತು ರೋಲ್ಸ್‌ರಾಯ್ಸ್ ಸ್ಪರ್ಧಿಸಿದವು. ಉಳಿದದ್ದು ವಿಕರ್ಸ್‌ನ 'ಎಸ್'. ಒಂದರ ತೂಕ 134 ಕೆಜಿ, ಮೇಲೊಂದು ಡ್ರಮ್ಮಿನಲ್ಲಿ 15 ಗುಂಡು, ವೇಗ ನಿಮಿಷಕ್ಕೆ ನೂರು. 1941ರ ಸೆಪ್ಟೆಂಬರ್ 18ರಂದು ಇದನ್ನು ಹೊತ್ತ ಮೊದಲ ಹರಿಕೇನ್ ಹಾರಿತು. ರೆಕ್ಕೆಯೊಳಗಿನ ಮೆಷಿನ್‌ಗನ್‌ಗಳಲ್ಲಿ ಉಳಿಸಿದ್ದು ಎರಡೇ ಬ್ರೌನಿಂಗ್, ಅದೂ ಗುರಿ ನೋಡಲೆಂದು. ಬೆಳಗುವ ಗುಂಡುಗಳು ಟ್ಯಾಂಕಿಗೆ ತಾಗಿ ಸಿಡಿಯುವುದು ಕಂಡರೆ ಆಗ ಫಿರಂಗಿಯ ಗುಂಡಿ ಒತ್ತುವುದು.

ಒತ್ತಿದ ಕೂಡಲೇ ಆಗುವುದೇನು? ಫಿರಂಗಿಗಳು ಗುರುತ್ವಕೇಂದ್ರಕ್ಕಿಂತ ಕೆಳಗಿವೆ. ಹಿಂದಕ್ಕೆ ತಳ್ಳುವ ಬಲ ಕೆಳಗಡೆ ಬಿದ್ದರೆ ಮೂತಿ ಕುಸಿಯುತ್ತದೆ. ಎಸ್ ಫಿರಂಗಿಯ ಜೋಡಿ ಸಿಡಿದಾಗ ಹರಿಕೇನಿನ ಮೂತಿ ಸುಮಾರು ಐದು ಡಿಗ್ರಿ ಕೆಳಗಾಗುತ್ತಿತ್ತು. ನೆಲದಿಂದ ಹತ್ತು ಹದಿನೈದು ಮೀಟರ್ ಎತ್ತರದಲ್ಲಿ ಹಾರುವವನಿಗೆ ಐದು ಡಿಗ್ರಿ ಎಂದರೆ ಸಾವಿನ ಅಂಚು. ವಿಮಾನ ನಡೆಸುವ ಕೋಲನ್ನು ಮೊದಲೇ ಸ್ವಲ್ಪ ಹಿಂದೆ ಹಿಡಿದು, ಸಿಡಿತದ ಜೊತೆಗೇ ಎಳೆದು, ಗುರಿಗೆ ಮರಳಿ, ಮುಂದಿನ ಜೋಡಿ. ಈ ತಾಳ ಕೈಗೆ ಬರುವವರೆಗೆ ಎರಡನೆಯ ಗುಂಡು ಟ್ಯಾಂಕಿನ ಮುಂದಿನ ಮಣ್ಣಿಗೇ.

ಸಮಯವನ್ನೂ ಲೆಕ್ಕ ಹಾಕಿ. ಗಂಟೆಗೆ 240 ಮೈಲಿ ಎಂದರೆ ಸೆಕೆಂಡಿಗೆ 107 ಮೀಟರ್. 650 ಮೀಟರಿಗೆ ಶುರು ಮಾಡಿ 200ಕ್ಕೆ ಮೇಲೇಳಬೇಕಾದರೆ ಕೈಯಲ್ಲಿರುವುದು ನಾಲ್ಕು ಸೆಕೆಂಡು. ಯಂತ್ರದ ವೇಗದಲ್ಲಿ ಆರು ಏಳು ಜೋಡಿ ಹೊಡೆಯಬಹುದು, ಮೂತಿಯನ್ನು ಪ್ರತಿಸಲವೂ ಸರಿಪಡಿಸಿಕೊಳ್ಳುವವನು ಹೊಡೆಯುವುದು ಮೂರೋ ನಾಲ್ಕೋ. 15 ಗುಂಡಿನ ಡ್ರಮ್ ಆ ಲೆಕ್ಕಕ್ಕೆ ನಾಲ್ಕೈದು ದಾಳಿಗೆ ಬರುತ್ತದೆ. ಡ್ರಮ್ ಚಿಕ್ಕದಾಯಿತು ಎಂದು ದೂರುವವರು ಇದನ್ನು ಮರೆಯುತ್ತಾರೆ. ಗುಂಡು ಮುಗಿಯುವ ಮೊದಲು ಮುಗಿಯುತ್ತಿದ್ದುದು ಅದೃಷ್ಟ. ಮತ್ತೆ ಮತ್ತೆ ಅದೇ ಟ್ಯಾಂಕಿಗೆ ತಿರುಗಿ ಬರುವವನಿಗಾಗಿ ಕೆಳಗಿನ ತೋಪಿನವರು ಕಾದು ಕೂತಿರುತ್ತಿದ್ದರು.

6ನೇ ಸ್ಕ್ವಾಡ್ರನ್ 1942ರ ಜೂನ್‌ನಲ್ಲಿ ಲಿಬಿಯಾದ ಬೀರ್ ಹಕೀಮ್ ಸುತ್ತ ಇದನ್ನು ಮೊದಲು ಯುದ್ಧಕ್ಕೆ ಇಳಿಸಿತು. ಹಾರುವ ಡಬ್ಬಿ ಕತ್ತರಿಯ ಚಿತ್ರ ಅವರ ವಿಮಾನಗಳ ಗುರುತಾಯಿತು. ಮರಳುಗಾಡು ಇದಕ್ಕೆ ಹೇಳಿ ಮಾಡಿಸಿದ ಜಾಗ. ಮರವಿಲ್ಲ, ಮನೆಯಿಲ್ಲ, ಧೂಳೆಬ್ಬಿಸುತ್ತ ಹೋಗುವ ಟ್ಯಾಂಕು ದೂರದಿಂದಲೇ ಕಾಣುತ್ತದೆ. ಆದರೆ ಎಂಜಿನ್, ರೇಡಿಯೇಟರಿಗೆ ಸಾಲುವಷ್ಟು ರಕ್ಷಣೆ ಇರಲಿಲ್ಲ. 1943ರ ವಸಂತದಲ್ಲಿ ಟುನೀಸಿಯಾದಲ್ಲಿ ಸಣ್ಣ ತೋಪುಗಳ ಬೆಂಕಿಗೆ ಸಿಕ್ಕಿ ಹಲವು ವಿಮಾನ ಕಳೆದುಕೊಂಡರು. ಆ ಕೊರತೆ ತುಂಬಿದ್ದು ತಲೆಯ ಮೇಲೆ ತೂಗುತ್ತಿರುವ ಹರಿಕೇನ್ 4. 1,620 ಅಶ್ವಶಕ್ತಿಯ ಮರ್ಲಿನ್, ಹೊಟ್ಟೆಯಡಿಯ ರೇಡಿಯೇಟರ್ ಸುತ್ತಲೂ ಉಕ್ಕು, ಒಟ್ಟು 350 ಪೌಂಡಿನಷ್ಟು ಹೆಚ್ಚುವರಿ ರಕ್ಷಣೆ, ಮತ್ತು ಯಾವುದನ್ನು ಬೇಕಾದರೂ ಕಟ್ಟಬಹುದಾದ ರೆಕ್ಕೆ. ಫಿರಂಗಿ, ಬಾಂಬು, ಇಲ್ಲವೇ ಎಂಟು ರಾಕೆಟ್.

ಫಿರಂಗಿಗೆ ಮುಳುವಾದದ್ದು ಆ ಕೊನೆಯ ಆಯ್ಕೆಯೇ. ತರಬೇತಿಯಲ್ಲಿ ಟ್ಯಾಂಕಿನ ಗಾತ್ರದ ಗುರಿಗೆ ಎಸ್ ಫಿರಂಗಿಯ ನಾಲ್ಕು ಗುಂಡಿನಲ್ಲಿ ಒಂದು ತಾಗಿದರೆ, ರಾಕೆಟ್ ಇಪ್ಪತ್ತರಲ್ಲಿ ಒಂದು. ಆದರೂ ರಾಕೆಟ್ ಗೆದ್ದಿತು. ರಾಕೆಟ್ ತೂಗುವ ಹಳಿಗಳ ತೂಕ ಕಡಿಮೆ, ಒದೆತ ಇಲ್ಲವೇ ಇಲ್ಲ, ಮತ್ತು 60 ಪೌಂಡಿನ ಸಿಡಿತಲೆ ತಾಗಿದರೆ ಉಕ್ಕು ಎಷ್ಟು ದಪ್ಪ ಎಂಬ ಪ್ರಶ್ನೆಯೇ ಏಳದು. ಎಸ್ ಫಿರಂಗಿ ತೂರುತ್ತಿದ್ದುದು 50 ಮಿಮೀ ಆಸುಪಾಸು ಮಾತ್ರ.

ಆದರೆ ಬರ್ಮಾದಲ್ಲಿ ಅಷ್ಟೇ ಧಾರಾಳವಾಗಿತ್ತು. 20ನೇ ಸ್ಕ್ವಾಡ್ರನ್ 1943ರಲ್ಲಿ, ಇಂದಿನ ಪಶ್ಚಿಮ ಬಂಗಾಳದ ಪುರುಲಿಯಾ ಬಳಿಯ ಚರ್ರಾ ನೆಲೆಯಲ್ಲಿ 2ಡಿಗಳನ್ನು ಪಡೆಯಿತು. ಜಪಾನಿ ಟ್ಯಾಂಕುಗಳ ಉಕ್ಕು ತೆಳು. ಟ್ಯಾಂಕು ಸಿಗದಿದ್ದಾಗ ನದಿಯ ದೋಣಿ, ಲಾರಿ, ಮರದ ದಿಮ್ಮಿಯ ಬಂಕರ್. ಸ್ಫೋಟಕ ತುಂಬಿದ ಗುಂಡನ್ನು ಬಂಕರಿನ ಕಿಂಡಿಗೇ ಗುರಿಯಿಟ್ಟು ಹಾಕಬಹುದಿತ್ತು, ರಾಕೆಟ್ಟಿನಿಂದ ಅದು ಕಷ್ಟ. ಯುರೋಪಿನಲ್ಲಿ ಮೂಲೆಗೆ ಬಿದ್ದ ಎಸ್ ಫಿರಂಗಿ ಇರಾವದಿಯ ದಂಡೆಯಲ್ಲಿ 1945ರಲ್ಲೂ ಕೆಲಸ ಮಾಡುತ್ತಿತ್ತು.

ನಾಲ್ಕನೇ ದಿನ: ಬೊವಿಂಗ್ಟನ್

ಡಾರ್ಸೆಟ್‌ನ ವುಲ್ ನಿಲ್ದಾಣದಲ್ಲಿ ಇಳಿದರೆ ಎರಡು ಮೈಲಿ ದೂರದಲ್ಲಿ ಟ್ಯಾಂಕ್ ಮ್ಯೂಸಿಯಂ. ಮೂರು ದಿನ ಫಿರಂಗಿ ನೋಡಿದವರು ಅದು ಹೊಡೆಯಬೇಕಿದ್ದ ವಸ್ತುವನ್ನು ನೋಡದೆ ಹೋದರೆ ಅರ್ಧ ತಿಳಿದಂತೆ. ಈ ಐದು ದಿನಗಳಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೇ.

ಮೊದಲು ಜರ್ಮನ್ ಟ್ಯಾಂಕ್ ಪ್ಯಾಂಥರ್ ಮುಂದೆ ನಿಲ್ಲಿ. 'ಟ್ಯಾಂಕಿನ ನೆತ್ತಿ ತೆಳು, ಆದ್ದರಿಂದ ವಿಮಾನ ಮೇಲಿನಿಂದ ಹೊಡೆಯುತ್ತದೆ' ಎಂದು ಎಲ್ಲರೂ ಬರೆಯುತ್ತಾರೆ. ನೆತ್ತಿ ತೆಳುವೇ, 16 ಮಿಮೀ. ಆದರೆ ಗುಂಡು ಮೇಲಿನಿಂದ ಬರುವುದಿಲ್ಲ. ಹತ್ತು ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನದ ಗುಂಡು ಮಲಗಿರುವ ಆ ತಗಡಿನ ಮೇಲೆ ಹತ್ತು ಡಿಗ್ರಿ ಓರೆಯಲ್ಲೇ ಬೀಳುತ್ತದೆ. ಓರೆಯ ದಾರಿಯಲ್ಲಿ ಅಳೆದರೆ 16 ಮಿಮೀ ತಗಡು 92 ಮಿಮೀ ಆಗುತ್ತದೆ. ಅಷ್ಟು ಓರೆಯಲ್ಲಿ ಗುಂಡು ತೂರುವುದಕ್ಕೂ ಮುಂಚೆ ಕೆರೆಯ ನೀರಿಗೆ ಎಸೆದ ಚಪ್ಪಟೆ ಕಲ್ಲಿನಂತೆ ಜಾರಿಹೋಗುತ್ತದೆ. ಐದು ಡಿಗ್ರಿಗೆ 184 ಮಿಮೀ. ಮೂವತ್ತು ಡಿಗ್ರಿಗೆ ಧುಮುಕಿದರೆ 32 ಮಿಮೀ, ಅದು ಸಾಧ್ಯದ ಮಾತು. ಆದರೆ ಮೂವತ್ತು ಡಿಗ್ರಿಯಲ್ಲಿ ಇಳಿದು 400 ಮೀಟರ್ ಹತ್ತಿರ ಬಂದಾಗ ನೆಲ ಇನ್ನೂರೇ ಮೀಟರ್ ಕೆಳಗಿರುತ್ತದೆ. ರೆಕ್ಕೆಯಡಿ ಅರ್ಧ ಟನ್ ಹೊತ್ತ ವಿಮಾನಕ್ಕೆ ಮೇಲೇಳಲು ಅಷ್ಟೇ ಜಾಗ.

ಆದ್ದರಿಂದ ನಿಜವಾದ ಗುರಿ ನೆತ್ತಿಯಲ್ಲ, ಪಕ್ಕೆ ಮತ್ತು ಬೆನ್ನು. ನೆಟ್ಟಗೆ ನಿಂತ ತಗಡಿಗೆ ಹತ್ತು ಡಿಗ್ರಿ ಇಳಿಜಾರಿನ ಗುಂಡು ಹೆಚ್ಚುಕಡಿಮೆ ನೇರವಾಗಿಯೇ ಬೀಳುತ್ತದೆ. ತಗ್ಗಿ ಹಾರುವುದು ಧೈರ್ಯ ತೋರಿಸಲಲ್ಲ, ಈ ಕೋನಕ್ಕಾಗಿ. ಪಾನ್ಸರ್ 3ರ ಪಕ್ಕೆ ನೋಡಿ: 30 ಮಿಮೀ. 1942ರ ಮರಳುಗಾಡಿನಲ್ಲಿ ಎಸ್ ಫಿರಂಗಿಗೆ ಅದು ಧಾರಾಳ. ಅಲ್ಲಿಂದ ಟೈಗರ್ 131ರ ಬಳಿಗೆ ಬನ್ನಿ. 1943ರ ಏಪ್ರಿಲ್‌ನಲ್ಲಿ ಟುನೀಸಿಯಾದಲ್ಲಿ ಸೆರೆಸಿಕ್ಕಿದ್ದು. ಮೇಲಿನ ಪಕ್ಕೆ 80 ಮಿಮೀ, ಚಕ್ರಗಳ ಹಿಂದಿನ ಕೆಳಪಕ್ಕೆ 60. ಹರಿಕೇನಿನ ಕತೆ ಯಾಕೆ ಮುಗಿಯಿತೆಂದು ತಿಳಿಯಲು ಈ ಎರಡು ಟ್ಯಾಂಕುಗಳ ನಡುವೆ ನಡೆಯುವಷ್ಟು ಹೊತ್ತು ಸಾಕು.

ಸೋವಿಯತ್ ಟ್ಯಾಂಕ್ ಟಿ-34ರ ಹಿಂಬದಿಗೂ ಹೋಗಿ ನೋಡಬೇಕು. ಹೆಂಡನ್ನಿನ ಸ್ಟೂಕಾಕ್ಕೆ ಗುರಿ ಇದು. ಪಕ್ಕೆ 45 ಮಿಮೀ, ಮೇಲರ್ಧ ಓರೆ, ಚಕ್ರಗಳ ಹಿಂದಿನ ಕೆಳಭಾಗ ನೇರ. ಬೆನ್ನಮೇಲೆ ಎಂಜಿನ್ನಿಗೆ ಗಾಳಿ ಬಿಡುವ ಪಟ್ಟಿ ಪಟ್ಟಿಯ ಕಿಂಡಿ, ಪಕ್ಕದಲ್ಲಿ ಕಟ್ಟಿಕೊಳ್ಳುತ್ತಿದ್ದ ಡೀಸೆಲ್ ಪೀಪಾಯಿಗಳು. ಟಂಗ್‌ಸ್ಟನ್ ತಿರುಳು ಒಳಹೊಕ್ಕರೂ ಅದರಲ್ಲಿ ಸ್ಫೋಟಕವಿಲ್ಲ. ಎಂಜಿನ್ನಿಗೋ ಮದ್ದಿಗೋ ತಗುಲಿದರಷ್ಟೇ ಟ್ಯಾಂಕ್ ಸಾಯುತ್ತದೆ. ಹಿಂದಿನಿಂದ ಬರುವುದಕ್ಕೆ ಅದೂ ಒಂದು ಕಾರಣ. ಜರ್ಮನಿಗೆ ಟಂಗ್‌ಸ್ಟನ್ ಬರುತ್ತಿದ್ದುದು ಬಹುಪಾಲು ಪೋರ್ಚುಗಲ್, ಸ್ಪೇನ್‌ಗಳಿಂದ. ಆ ದಾರಿ ಕಿರಿದಾದಂತೆ ಗುಂಡೂ ಅಪರೂಪವಾಯಿತು.

ಎದುರು ಪಾಳೆಯದಲ್ಲೂ ಇದೇ ಪಾಡು. ಸೋವಿಯತ್ ಐಎಲ್-2ರ ರೆಕ್ಕೆಯಡಿ ಎನ್‌ಎಸ್-37 ಎಂಬ 37 ಮಿಮೀ ಫಿರಂಗಿ ಕಟ್ಟಿದರು, ಒಂದೊಂದಕ್ಕೆ 50 ಗುಂಡು. ಎರಡೂ ಒಂದೇ ಕ್ಷಣಕ್ಕೆ ಸಿಡಿಯುವಂತೆ ಜೋಡಿಸಿರಲಿಲ್ಲ. ಎಡದ್ದು ಮೊದಲು ಸಿಡಿದರೆ ಮೂತಿ ಎಡಕ್ಕೆ, ಬಲದ್ದು ಸಿಡಿದರೆ ಬಲಕ್ಕೆ. ಮೊದಲ ಒಂದೆರಡು ಗುಂಡು ಬಿಟ್ಟರೆ ಉಳಿದದ್ದೆಲ್ಲ ಚೆಲ್ಲಾಪಿಲ್ಲಿ. ಒಂದೇ ಫಿರಂಗಿ ಕೆಟ್ಟು ನಿಂತರೆ ಇನ್ನೊಂದರಿಂದ ಗುರಿಯಿಡುವುದು ಅಸಾಧ್ಯವೇ ಸರಿ. ಕುರ್ಸ್ಕ್‌ನಲ್ಲಿ 1943ರ ಜುಲೈನಲ್ಲಿ ಅದೇ ವಿಮಾನ ಒಂದೂವರೆ ಕೆಜಿಯ ಪಿಟಿಎಬಿ ಬಾಂಬುಗಳನ್ನು ಸುಮಾರು ಇನ್ನೂರು ಹೊತ್ತು, ಟ್ಯಾಂಕುಗಳ ಸಾಲಿನ ಮೇಲೆ ಕಾಳು ಬಿತ್ತಿದ ಹಾಗೆ ಸುರಿಯಿತು. ಅವು ಮೇಲಿನಿಂದಲೇ ಬೀಳುವುದರಿಂದ ತೆಳು ನೆತ್ತಿಯ ಲಾಭ ನಿಜವಾಗಿ ಸಿಕ್ಕಿದ್ದು ಆಗಲೇ.

ಷರ್ಮನ್ ಟ್ಯಾಂಕಿನ 75 ಮಿಮೀ ತೋಪಿನ ಮುಂದೆ ಇನ್ನೊಂದು ನಿಮಿಷ. ಅದೇ ಕುಲದ ತೋಪನ್ನು ಅಮೆರಿಕನ್ನರು ಬಿ-25 ಜಿ ಮತ್ತು ಎಚ್ ವಿಮಾನಗಳ ಮೂತಿಗೆ ಹಾಕಿದರು. ಗುಂಡು 6.8 ಕೆಜಿ, ವಿಮಾನದಲ್ಲಿ 21 ಗುಂಡು, ಪ್ರತಿಯೊಂದನ್ನೂ ಒಬ್ಬ ಮನುಷ್ಯ ಕೈಯಲ್ಲಿ ಎತ್ತಿ ತುಂಬಬೇಕು. ಒಂದು ದಾಳಿಯಲ್ಲಿ ನಾಲ್ಕು ಹೊಡೆದರೆ ಹೆಚ್ಚು, ಅಷ್ಟೂ ಹೊತ್ತು ವಿಮಾನ ಅಲುಗದೆ ನೇರ ಹಾರಬೇಕು. ಎಚ್ ಮಾದರಿ ಸಾವಿರ ತಯಾರಾದವು. 1944ರ ಮಾರ್ಚ್‌ನಲ್ಲಿ ಬರ್ಮಾದಲ್ಲಿ ಜಪಾನಿಯರ ಬೆನ್ನ ಹಿಂದೆ ನುಗ್ಗಿ ಕಾದಾಡಿದ ಚಿಂಡಿಟ್ ಸೈನ್ಯದ ನೆರವಿಗೆ ಅಸ್ಸಾಮಿನ ಹೈಲಾಕಂದಿಯಿಂದ ಹಾರಿದ ಫಸ್ಟ್ ಏರ್ ಕಮಾಂಡೊ ದಳದಲ್ಲಿ ಇವಿದ್ದವು. ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯ ದುರಸ್ತಿ ನೆಲೆಯಾಗಿದ್ದ ಬೆಂಗಳೂರಿನ ಹಿಂದುಸ್ತಾನ್ ಕಾರ್ಖಾನೆಯಲ್ಲಿ ಕೂಲಂಕಷ ದುರಸ್ತಿಗೆ ಬರುತ್ತಿದ್ದ ವಿಮಾನಗಳಲ್ಲಿ ಬಿ-25 ಕೂಡ ಸೇರಿತ್ತು.

ಹೊರಡುವ ಮುನ್ನ ಕ್ರುಸೇಡರ್ 3ರ ನಳಿಗೆ ನೋಡಿಕೊಳ್ಳಿ. ಆರು ಪೌಂಡರ್, 57 ಮಿಮೀ. ಟ್ಸೆಟ್ಸೆಯ ಹೊಟ್ಟೆಯಲ್ಲಿದ್ದದ್ದು ಈ ತೋಪೇ. ಈ ಸಭಾಂಗಣದ ಟ್ಯಾಂಕುಗಳಿಗೆಂದೇ ಅದನ್ನು ಗಾಳಿಗೆ ಏರಿಸಿದ್ದು. ಆದರೆ 1943ರ ನಡುವಿಗೆ ರಾಕೆಟ್ ಬಂದಾಗಿತ್ತು. ಆ ರಾಕೆಟ್ಟಿನ ಹೆಗ್ಗಳಿಕೆಯೂ ನೆಲದ ಮೇಲೆ ಸೊರಗಿತು. 1944ರ ಆಗಸ್ಟ್‌ನಲ್ಲಿ ನಾರ್ಮಂಡಿಯ ಮೊರ್ತ್ಯಾಂ ಬಳಿ ಮಿತ್ರಪಡೆಗಳ ಪೈಲಟ್‌ಗಳು ಹೊಡೆದೆವೆಂದು ಹೇಳಿದ ಟ್ಯಾಂಕುಗಳು 250ರ ಆಸುಪಾಸು. ಆಮೇಲೆ ರಣರಂಗ ಸುತ್ತಿ ಪರೀಕ್ಷಿಸಿದ ಬ್ರಿಟಿಷ್ ತಂಡಕ್ಕೆ ವಿಮಾನದಿಂದಲೇ ನಾಶವಾದದ್ದೆಂದು ಸಿಕ್ಕಿದ್ದು ಒಂಬತ್ತು.

ಐದನೇ ದಿನ: ಪ್ರೆಡನಾಕ್

ಕಾರ್ನ್‌ವಾಲ್‌ಗೆ ದೂರದ ಪ್ರಯಾಣ, ಹಿಂದಿನ ಸಂಜೆಯೇ ಹೊರಟುಬಿಡುವುದು ಲೇಸು. ಲಿಜರ್ಡ್ ಭೂಶಿರದ ಮಲ್ಯನ್ ಹಳ್ಳಿಯಿಂದ ತೆಂಕಣಕ್ಕೆ ಪ್ರೆಡನಾಕ್ ವಾಯುನೆಲೆ. ನೌಕಾಪಡೆ ಈಗಲೂ ಬಳಸುತ್ತಿರುವುದರಿಂದ ಒಳಗೆ ಬಿಡುವುದಿಲ್ಲ. ಕಡಲಂಚಿನ ಕಾಲುದಾರಿಯಲ್ಲಿ ನಡೆಯಬಹುದು. ಪಡುವಣದ ಗಾಳಿಗೆ ಗಟ್ಟಿ ಜಾಕೆಟ್ ಬೇಕು.

1943ರ ಅಕ್ಟೋಬರ್‌ನಲ್ಲಿ ಟ್ಸೆಟ್ಸೆಗಳು ಇಲ್ಲಿಗೆ, 248ನೇ ಸ್ಕ್ವಾಡ್ರನ್ನಿನ ಜೊತೆಗೆ ಬಂದವು. ಟ್ಯಾಂಕಿಗೆ ಬೇಡವಾದ ಫಿರಂಗಿಗೆ ಕಡಲಿನಲ್ಲಿ ಕೆಲಸ ಸಿಕ್ಕಿತು. ಜರ್ಮನ್ ಸಬ್‌ಮರೀನ್‌ಗಳು ಬ್ರೆಸ್ಟ್, ಲೋರಿಯಾಂ, ಸೇಂಟ್ ನಜೇರ್ ಬಂದರುಗಳಿಗೆ ಬರುವಾಗ ಕೊನೆಯ ಹಾದಿ ಆಳವಿಲ್ಲದ್ದು. ನೀರಿನಲ್ಲಿ ಹುದುಗಿಸಿದ್ದ ಸಿಡಿಗುಂಡುಗಳನ್ನು (ಮೈನ್) ಗುಡಿಸಿದ ಕಿರುದಾರಿಯಲ್ಲಿ, ಬೆಂಗಾವಲು ದೋಣಿಗಳ ನಡುವೆ, ನೀರಿನ ಮೇಲೇ ಸಾಗಬೇಕು. ಮುಳುಗಿ ತಪ್ಪಿಸಿಕೊಳ್ಳುವಂತಿಲ್ಲ. ಅವುಗಳ ಒಳಮೈಯ ಉಕ್ಕು 18.5 ಮಿಮೀ. ಟ್ಯಾಂಕಿನ ದಪ್ಪ ಉಕ್ಕಿಗೆಂದು ಮಾಡಿದ ತೋಪಿಗೆ ಇದು ಹಾಲು ಕುಡಿದಷ್ಟು ಸುಲಭ. ಟ್ಯಾಂಕಿಗೆ ತೂತು ಬಿದ್ದರೆ ಒಂದು ತೂತು, ಅಷ್ಟೇ. ಸಬ್‌ಮರೀನಿಗೆ ಬಿದ್ದರೆ ಅದು ಮತ್ತೆ ಮುಳುಗಲಾರದು.

ಸುಮಾರು 5,000 ಅಡಿಯಿಂದ ಮೂವತ್ತು ಡಿಗ್ರಿಗೆ ಇಳಿಯುತ್ತಿದ್ದರು. 1,400 ಮೀಟರಿಗೆ ಮೊದಲ ಗುಂಡು, 400ರ ಹತ್ತಿರ ಮುರಿದು ಹೊರಳುವುದು. ಸೆಕೆಂಡಿಗೆ 134 ಮೀಟರ್ ವೇಗದಲ್ಲಿ ಏಳು ಸೆಕೆಂಡು, ಏಳು ಗುಂಡು. 24 ಗುಂಡಿಗೆ ಮೂರು ದಾಳಿ, ಮೇಲೆ ಮೂರು ಉಳಿಕೆ. ವಿಮಾನ ಪಕ್ಕಕ್ಕೆ ಜಾರದಂತೆ ಪೆಡಲು ಹಿಡಿದಿರುವುದು ಮುಖ್ಯ. ಜಾರುತ್ತಿರುವ ವಿಮಾನದ ಮೂತಿ ಒಂದು ಕಡೆ, ಗುಂಡು ಹೋಗುವುದು ಇನ್ನೊಂದು ಕಡೆ. ನೀರಿನ ಮೇಲೆ ಕೆಳಗೆ ಬಿದ್ದ ಗುಂಡು ಪೂರ್ತಿ ವ್ಯರ್ಥವಲ್ಲ, ನೀರೊಳಗೆ ಸ್ವಲ್ಪ ದೂರ ಹೋಗಿ ಒಡಲಿಗೆ ತಾಗಬಹುದು. ಮೇಲೆ ಹೋದದ್ದು ಹೋದಂತೆಯೇ. ಆದ್ದರಿಂದ ಗುರಿ ನೀರಿನ ಗೆರೆಗೆ, ಇಲ್ಲವೇ ತುಸು ಕೆಳಕ್ಕೆ.

1943ರ ನವೆಂಬರ್ 7ರಂದು ಬ್ರೆಸ್ಟಿನ ಹತ್ತಿರ ಯು-123 ಎಂಬ ಸಬ್‌ಮರೀನ್ ಸಿಕ್ಕಿತು. ಒಡಲಿಗೆ ತೂತು ಬಿತ್ತು, ಮುಳುಗಲಾಗದೆ ನೀರಿನ ಮೇಲೇ ಬಂದರು ಸೇರಿತು. 1944ರ ಫೆಬ್ರುವರಿಯಲ್ಲಿ ಸ್ಕ್ವಾಡ್ರನ್ ಕಾರ್ನ್‌ವಾಲ್‌ನ ಬಡಗಣ ಕರಾವಳಿಯ ಪೋರ್ಟ್‌ರೀತ್‌ಗೆ ಹೋಯಿತು. ಅಲ್ಲಿ ಈಗ ರೇಡಾರ್ ಕೇಂದ್ರವಿದೆ, ಬಂಡೆಯಂಚಿನ ದಾರಿಯಿಂದಲೇ ನೋಡಬೇಕು. ಮಾರ್ಚ್ 10ರಂದು ಸ್ಪೇನಿನ ಕಡಲಿನಲ್ಲಿ ಜರ್ಮನ್ ಯುಂಕರ್ಸ್ 88 ಒಂದು ಈ ಫಿರಂಗಿಗೆ ಸಿಕ್ಕಿ ಉರುಳಿತು. ಮಾರ್ಚ್ 25ರಂದು ಸೇಂಟ್ ನಜೇರ್ ಬಳಿ ಎರಡು ಟ್ಸೆಟ್ಸೆಗಳು ಯು-976ನ್ನು ಮುಳುಗಿಸಿದವು. ಬಾಂಬಿಲ್ಲದೆ, ರಾಕೆಟ್ಟಿಲ್ಲದೆ, ಬರಿಯ ಫಿರಂಗಿಯಿಂದ. ನಾಲ್ವರು ಸತ್ತರು, 49 ಮಂದಿ ಬದುಕುಳಿದರು. ಎರಡೇ ದಿನಕ್ಕೆ ಯು-960ಕ್ಕೂ ಪೆಟ್ಟು ಬಿತ್ತು.

ಆ ಬೇಸಿಗೆಯಲ್ಲೇ ಫ್ರೆಂಚ್ ಕರಾವಳಿಯ ಬಂದರುಗಳು ಜರ್ಮನರ ಕೈತಪ್ಪತೊಡಗಿದವು. 248ನೇ ಸ್ಕ್ವಾಡ್ರನ್ ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಬ್ಯಾನ್ಫ್‌ಗೆ ಹೊರಟಿತು. ಅಲ್ಲಿ ನಾರ್ವೆಯ ಕಡಿದಾದ ಕಡಲಕಣಿವೆಗಳಲ್ಲಿ ಹಡಗು ಹೊಡೆಯುವ ಮಾಸ್ಕಿಟೊಗಳಿಗೆ ರಾಕೆಟ್ ಬಂತು. 1945ರಲ್ಲಿ ಕೊನೆಯ ಟ್ಸೆಟ್ಸೆಗಳು ಲಿಂಕನ್‌ಷೈರಿನ ನಾರ್ತ್ ಕೋಟ್ಸ್‌ನಲ್ಲಿ 254ನೇ ಸ್ಕ್ವಾಡ್ರನ್ನಿನ ಬ್ಯೂಫೈಟರ್‌ಗಳ ಜೊತೆ ಹಾರುತ್ತಿದ್ದವು. ಉತ್ತರ ಸಮುದ್ರದಲ್ಲಿ ಇಬ್ಬರು ಕೂರುವಷ್ಟೇ ಚಿಕ್ಕದಾದ ಜರ್ಮನ್ ಸಬ್‌ಮರೀನ್‌ಗಳನ್ನು ಹುಡುಕುತ್ತ.